ಡಬ್ಬಿಗೆ ಪಥ್ಯ

ಹೊಲದ ಪಂಪ್‌ಸೆಟ್ ಎಷ್ಟು ಕರೆಂಟು ಬಳಸುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಪುಕ್ಕಟೆ ಕರೆಂಟಿಗೆ ಮೀಟರ್ ಯಾಕೆ ಅಂತ ರೈತರು ಮೀಟರ್ ಹಾಕಿಸಿಕೊಳ್ಳುವುದಿಲ್ಲ. ಮೀಟರ್ ಇಲ್ಲದ ಕಾರಣ ವಿದ್ಯುತ್ ಕಂಪನಿ ಒಂದು ಅಂದಾಜು ಹೇಳುತ್ತದೆ. ಸರ್ಕಾರ ಆ ಅಂದಾಜಿನ ಮೇಲೆ ಹಣ ಕೊಡುತ್ತದೆ. ವಿಶ್ವವಿದ್ಯಾಲಯದವರು ಆ ಅಂದಾಜು ತಪ್ಪು ಎಂದು ಪ್ರಬಂಧ ಬರೆದು ತಮ್ಮದೂ ಒಂದು ಅಂದಾಜು ಸೇರಿಸುತ್ತಾರೆ. ಇಷ್ಟು ಅಂದಾಜುಗಳ ನಡುವೆ ನಾನೊಬ್ಬಳು ಪಿಎಚ್.ಡಿ. ವಿದ್ಯಾರ್ಥಿನಿ, ನಿಜವನ್ನೇ ಅಳೆದು ತರುತ್ತೇನೆ ಎಂದು ಸಿಂದಗಿ ಬಸ್ ಸ್ಟ್ಯಾಂಡಿನಿಂದ ಹೊರಟೆ. ನನ್ನ ಚೀಲದಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗಳಿದ್ದವು.

ಈ ಪೆಟ್ಟಿಗೆಯ ಕೆಲಸ ಸರಳ. ಸ್ಟಾರ್ಟರಿನಿಂದ ಮೋಟಾರಿಗೆ ಹೋಗುವ ವೈರಿಗೆ ಬಳೆಯಂಥ ಒಂದು ಕ್ಲಾಂಪ್ ಹಾಕಬೇಕು. ಮೋಟಾರು ಓಡಿದಾಗ ವೈರಿನಲ್ಲಿ ಹರಿಯುವ ಕರೆಂಟನ್ನು ಕ್ಲಾಂಪ್ ಗ್ರಹಿಸುತ್ತದೆ, ಪೆಟ್ಟಿಗೆ ಅದನ್ನು ಕಾರ್ಡಿನಲ್ಲಿ ಬರೆದಿಡುತ್ತದೆ. ವಾರಕ್ಕೊಮ್ಮೆ ನಾನು ಹೋಗಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಬರಬೇಕು. ಹೊರಗೆ ಒಂದು ಪುಟ್ಟ ಪರದೆ ಇದೆ, ಆ ವಾರ ಎಷ್ಟು ಯೂನಿಟ್ ಆಯಿತು ಎಂದು ಯಾರು ಬೇಕಾದರೂ ಓದಬಹುದು. ಆ ಪರದೆ ಇಲ್ಲದ ಪೆಟ್ಟಿಗೆ ಕೊಂಡಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನನಗೆ ಉಳಿದಿದ್ದದ್ದು ಒಂದೇ ಹಿಂಗಾರಿ. ನೋಂದಣಿಯ ಅವಧಿ ಮುಗಿದು, ಒಮ್ಮೆ ವಿಸ್ತರಣೆಯೂ ಸಿಕ್ಕು, ಅದೂ ಮುಗಿಯುತ್ತ ಬಂದಿತ್ತು. ಈ ಬೆಳೆಯ ಕಾಲದಲ್ಲಿ ನಂಬಬಹುದಾದ ಮಾಹಿತಿ ಸಿಗದಿದ್ದರೆ ಪ್ರಗತಿ ಪರಿಶೀಲನಾ ಸಮಿತಿ ನನ್ನ ವಿಷಯವನ್ನೇ ಮುಚ್ಚುತ್ತದೆ ಎಂದು ನನ್ನ ಮಾರ್ಗದರ್ಶಕರು ಹೇಳಿದ್ದರು. ಅವರು ಮೈಸೂರು ಕಡೆಯವರು. ಎಷ್ಟೇ ಕೆಟ್ಟ ಸುದ್ದಿಯನ್ನೂ ಹಾಲಿನಲ್ಲಿ ಅದ್ದಿ ಹೇಳುತ್ತಾರೆ. "ಈ ಸಲ ಸ್ವಲ್ಪ ಜೋಪಾನ ಮಾಡ್ಕೊಂಡ್ಬಿಡಮ್ಮ" ಅಂದರು. ಅದರ ಅರ್ಥ ಮನೆಗೆ ಹೋಗುವ ತಯಾರಿ ಮಾಡಿಕೋ ಎಂದು ನನಗೆ ಹಾಸ್ಟೆಲ್ ಮುಟ್ಟಿದ ಮೇಲೆ ಹೊಳೆಯಿತು.

ಮನೆಗೆ ಹೋದರೆ ಅಲ್ಲಿ ಅಬ್ಬಾ ಇದ್ದರು. ಅವರದು ಸಿಂದಗಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ವೋಲ್ಟೇಜ್ ಬಿದ್ದು ರೈತರ ಮೋಟಾರ್ ಸುಟ್ಟರೆ ಮಾತ್ರ ನಮ್ಮ ಮನೆಯಲ್ಲಿ ಒಲೆ ಉರಿಯುತ್ತದೆ. ವಿದ್ಯುತ್ ಪೂರೈಕೆ ಸುಧಾರಿಸಬೇಕೆಂದು ಸಂಶೋಧನೆ ಮಾಡುವ ಮಗಳನ್ನು ಅವರು ಪ್ರೀತಿಯಿಂದಲೇ ನೋಡುತ್ತಿದ್ದರು, ಆದರೆ ಸ್ವಲ್ಪ ಅನುಮಾನದಿಂದ.

ನಾನು ಪೆಟ್ಟಿಗೆಗಳನ್ನು ಮೂರು ಕಡೆ ಕೂಡಿಸಿದೆ. ಇಂಡಿ ಹತ್ತಿರದ ಒಂದು ನಿಂಬೆ ತೋಟ, ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ ಕೃಷ್ಣಾ ನದಿಯಿಂದ ನೀರೆತ್ತುವ ಒಂದು ಪಂಪು, ಮತ್ತೆ ಬಸವನ ಬಾಗೇವಾಡಿ ತಾಲೂಕಿನ ಗೊಳಸಂಗಿಯಲ್ಲಿ ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗಿನ ಕೆಲವು ಬೋರುಗಳು. ಮೊದಲು ಕೆಟ್ಟದ್ದು ಇಂಡಿ. ವಾರದ ಮೇಲೆ ವಾರ ಅಲ್ಲಿಯ ಪೆಟ್ಟಿಗೆ ಸೊನ್ನೆ ತೋರಿಸುತ್ತಿತ್ತು. ತೋಟ ಮಾತ್ರ ಹಸಿರಾಗಿತ್ತು, ಪಾತಿಯಲ್ಲಿ ನೀರು ಹೊಳೆಯುತ್ತಿತ್ತು. ಕ್ಲಾಂಪಿನ ಮೇಲೊಂದು ಬಾಣದ ಗುರುತು ಇರುತ್ತದೆ, ನಾನದನ್ನು ಮೋಟಾರಿನ ಕಡೆಗೆ ಮಾಡಿ ಹಾಕಿದ್ದೆ. ಒಂದು ದಿನ ನೋಡಿದರೆ ಬಾಣ ಸ್ಟಾರ್ಟರಿನ ಕಡೆಗೆ ತಿರುಗಿತ್ತು. ತೋಟದ ಯಜಮಾನರು ಮೋಟಾರ್ ಹಚ್ಚುವ ಮುಂಚೆ ಕ್ಲಾಂಪ್ ಬಿಚ್ಚಿ, ಬಂದ್ ಮಾಡಿದ ಮೇಲೆ ಮತ್ತೆ ಶಿಸ್ತಾಗಿ ಹಾಕುತ್ತಿದ್ದರು.

"ಯಾಕ್ರಿ ಕಾಕಾ ಇದು?" ಅಂದೆ.

"ನಿಮ್ಮ ಸಾಮಾನ ಬಿಸಿ ಆಗಬಾರದಂತ ತೆಗದಿಟ್ಟೇನ್ರಿ" ಅಂದರು. ಅವರ ಮುಖದಲ್ಲಿ ಇನಿತೂ ಅಳುಕಿರಲಿಲ್ಲ. "ಮೀಟರ್ ಅಲ್ಲ ಅಂತ ನೀವಂದ್ರಿ, ನಾ ನಂಬೀನಿ. ಆದ್ರ ಅದಕ್ಕ ಗೊತ್ತಿರಬೇಕಲ್ರಿ ಅದು ಮೀಟರ್ ಅಲ್ಲಂತ?"

ಹೊರಡುವಾಗ ಒಂದು ಚೀಲ ನಿಂಬೆಹಣ್ಣು ಕೊಟ್ಟರು. ಮಾಹಿತಿಯ ಬದಲು ನಿಂಬೆಹಣ್ಣು ಹೊತ್ತು ಬಂದ ನನ್ನನ್ನು ನೋಡಿ ಅಮ್ಮಿ ಉಪ್ಪಿನಕಾಯಿ ಹಾಕಿದಳು.

ತಂಗಡಗಿಯ ಪೆಟ್ಟಿಗೆಯ ಕಥೆ ಇನ್ನೂ ಚಿಕ್ಕದು. ಶಿವರಾತ್ರಿ ಅಮಾವಾಸ್ಯೆಗೆ ಮೋಟಾರಿನ ಪೂಜೆ ಮಾಡುವಾಗ ಅಲ್ಲಿಯವರು ಅದರ ಪಕ್ಕದಲ್ಲಿದ್ದ ನನ್ನ ಪೆಟ್ಟಿಗೆಗೆ ಭೇದ ಮಾಡಲಿಲ್ಲ. ವಿಭೂತಿ ಹಚ್ಚಿದರು, ಹೂ ಇಟ್ಟರು, ತೆಂಗಿನಕಾಯಿ ಒಡೆದು ನೀರು ಪ್ರೋಕ್ಷಿಸಿದರು. ಕಾಯಿಯ ನೀರು ಒಳಗಿನ ಸರ್ಕೀಟಿಗೆ ಇಳಿಯಿತು. ಪೆಟ್ಟಿಗೆ ಅಲ್ಲೇ ಮುಗಿಯಿತು.

ಹೀಗಾಗಿ ನನ್ನ ಪ್ರಬಂಧ, ನನ್ನ ಇಷ್ಟು ವರ್ಷದ ಓದು, ಎಲ್ಲವೂ ಗೊಳಸಂಗಿಯ ಮೇಲೆ ಬಂದು ನಿಂತಿತು. ಅಲ್ಲಿ ಆ ಟ್ರಾನ್ಸ್‌ಫಾರ್ಮರಿನ ಕೆಳಗಿನ ಹೊಲಗಳೆಲ್ಲ ಒಂದೇ ಮನೆತನದವು. ಮನೆತನಕ್ಕೆ ಹಿರಿಯಳು ಒಬ್ಬ ಅಜ್ಜಿ, ಎಲ್ಲರೂ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಯಾವ ಹೊಲಕ್ಕೆ ಯಾವಾಗ ನೀರು, ಯಾವ ಸೊಸೆ ತವರಿಗೆ ಯಾವಾಗ, ಎಲ್ಲ ಆಯಿಯ ಬಾಯಿಂದಲೇ ಬರಬೇಕು. ಪೆಟ್ಟಿಗೆ ಕೂಡಿಸಲು ಹೋದ ದಿನ ನಾನು ನನ್ನ ಸಂಶೋಧನೆಯ ಉದ್ದೇಶ ವಿವರಿಸಲು ಬಾಯಿ ತೆರೆದೆ. ಆಯಿ ಅದರಲ್ಲಿ ರೊಟ್ಟಿ ಇಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಮೇಲೆ ಬೆಲ್ಲದ ಸಿಹಿ ಮಾದಲಿ. "ಸಾಕ್ರಿ ಆಯಿ" ಅಂದಾಗಲೆಲ್ಲ ಇನ್ನೊಂದು ರೊಟ್ಟಿ ಬಿತ್ತು. ನಮ್ಮ ಕಡೆ ಸಾಕು ಎಂಬುದು ಉಣ್ಣುವವರು ಮರ್ಯಾದೆಗೆ ಆಡುವ ಮಾತು. ಬಡಿಸುವವರು ಅದನ್ನು ಮರ್ಯಾದೆಯಿಂದಲೇ ಕೇಳದೆ ಬಿಡುತ್ತಾರೆ. ಉಂಡು ಎದ್ದಾಗ ಬಗ್ಗಿ ಕ್ಲಾಂಪ್ ಹಾಕಲು ಆಗುತ್ತಿರಲಿಲ್ಲ. ಆಯಿಯ ಮಗನೇ ಹಾಕಿಕೊಟ್ಟ.

ಮೊದಲ ವಾರಗಳ ಮಾಹಿತಿ ಸಾಧಾರಣವಾಗಿ ಬಂತು. ಆಮೇಲೆ ಚಂದ್ರ ಕಂಡು ರಂಜಾನ್ ಶುರುವಾಯಿತು. ನಾನು ರೋಜಾ ಹಿಡಿದುಕೊಂಡೇ ಪ್ರತಿ ಗುರುವಾರ ಸಿಂದಗಿಯಿಂದ ಬಾಗೇವಾಡಿಗೆ ಬಸ್ಸು, ಅಲ್ಲಿಂದ ಗೊಳಸಂಗಿಗೆ ಇನ್ನೊಂದು ಗಾಡಿ ಹಿಡಿದು ಹೋಗುತ್ತಿದ್ದೆ. ರಂಜಾನಿನ ಮೊದಲ ಗುರುವಾರ ಆಯಿ ತಾಟು ಹಾಕಿದಳು. ರೋಜಾ ಅಂದೆ. ತಾಟು ಎತ್ತಿಟ್ಟಳು. ಚಹಾ ಅಂದಳು. ಅದೂ ನಡೆಯುವುದಿಲ್ಲ ಅಂದೆ. ನೀರು? ನೀರೂ ಇಲ್ಲ. ಆಯಿ ಕೈಕಟ್ಟಿ ಹಾಕಿದವಳ ಹಾಗೆ ಕಟ್ಟೆಯ ಮೇಲೆ ಕುಳಿತಳು.

ನಾನು ಪೆಟ್ಟಿಗೆಯ ಪರದೆ ನೋಡಿ ಅಂಕಿ ಬರೆದುಕೊಳ್ಳುತ್ತಿದ್ದೆ. ಬಿಸಿಲಿಗೆ ಬಾಯಿ ಒಣಗಿ ತಲೆ ತಿರುಗುತ್ತಿತ್ತು. ಆಯಿ ಹಿಂದೆ ಬಂದು ನಿಂತು ನನ್ನ ಮುಖ ನೋಡಿ ಕೇಳಿದಳು:

"ಯಾಕವಾ, ಕಡಿಮಿ ಬಂದೈತೇನ?"

"ಹ್ಞೂನ್ರಿ, ಈ ವಾರ ಸ್ವಲ್ಪ ಕಡಿಮಿ ಐತಿ" ಅಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಸಂಶೋಧಕರ ಧರ್ಮ.

ಮುಂದಿನ ಗುರುವಾರ ಪೆಟ್ಟಿಗೆ ತುಂಬಿ ತುಳುಕುತ್ತಿತ್ತು. ಅದರ ಮುಂದಿನ ವಾರ ಇನ್ನೂ ಹೆಚ್ಚು. ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆದು ನೋಡಿದರೆ ವಾರವಿಡೀ ತಗ್ಗು, ಬುಧವಾರ ಬಂತೆಂದರೆ ಗುಡ್ಡ. ಎಲ್ಲ ಬೋರುಗಳದ್ದೂ ಅದೇ ಚಿತ್ರ. ಮಾರ್ಗದರ್ಶಕರಿಗೆ ಕಳಿಸಿದೆ. ಅವರು ಅರ್ಧ ಗಂಟೆಯೊಳಗೆ ಫೋನ್ ಮಾಡಿದರು. ಅಷ್ಟು ಬೇಗ ಅವರು ನನ್ನ ಯಾವ ಅಧ್ಯಾಯಕ್ಕೂ ಉತ್ತರ ಕೊಟ್ಟವರಲ್ಲ.

"ಇದು ಬಹಳ ದೊಡ್ಡ ವಿಷಯ ಕಣಮ್ಮ. ಬುಧವಾರದ ಶಿಖರ! ಅಲ್ಲಿ ಸಂತೆ ಯಾವತ್ತು?"

"ಬುಧವಾರ ಅಲ್ಲ ಸರ್."

"ಕಾಲುವೆಗೆ ನೀರು ಬಿಡೋ ದಿನ ಇರಬಹುದು."

"ಇವು ಬೋರ್‌ವೆಲ್ ಸರ್."

"ಹಾಗಾದ್ರೆ ಇದು ಮನಸ್ಸಿಗೆ ಸಂಬಂಧಪಟ್ಟದ್ದು" ಎಂದರು. ಅವರಿಗೆ ಯಾವುದೇ ಲೆಕ್ಕ ತಾಳೆಯಾಗದಿದ್ದರೆ ಅದು ಮನಸ್ಸಿಗೆ ಸಂಬಂಧಪಟ್ಟದ್ದಾಗುತ್ತದೆ. ಮಹಿಳೆ ಯಜಮಾನಿಯಾಗಿರುವ ಕುಟುಂಬಗಳಲ್ಲಿ ವಾರದ ನಡುವೆ ನೀರಿನ ಭದ್ರತೆಯ ಕುರಿತು ಒಂದು ಆತಂಕ ಹುಟ್ಟುತ್ತದೆ, ಪುಕ್ಕಟೆ ಕರೆಂಟು ಆ ಆತಂಕಕ್ಕೆ ದಾರಿ ಮಾಡಿಕೊಡುತ್ತದೆ ಎಂಬ ಸಿದ್ಧಾಂತ ಎರಡು ದಿನದಲ್ಲಿ ಸಿದ್ಧವಾಯಿತು. ಸಾರಾಂಶ ದಿಲ್ಲಿಯ ಒಂದು ವಿಚಾರ ಸಂಕಿರಣಕ್ಕೆ ಹೋಯಿತು. ನಾನೂ ಖುಷಿಯಿಂದಲೇ ಹೆಸರು ಸೇರಿಸಿದೆ. ಆಯಿಯ ಮುಖದಲ್ಲಿ ನಾನೆಂದೂ ಆತಂಕ ಕಂಡಿರಲಿಲ್ಲ ನಿಜ, ಆದರೆ ಸಿದ್ಧಾಂತ ಅಷ್ಟು ಚೆನ್ನಾಗಿರುವಾಗ ಆಯಿಯ ಮುಖಕ್ಕೆ ಯಾಕೆ ಮಹತ್ವ ಕೊಡಬೇಕು?

ಸಾರಾಂಶ ಸ್ವೀಕಾರವಾಯಿತು ಎಂಬ ಸುದ್ದಿ ಬಂದದ್ದು ಒಂದು ಮಂಗಳವಾರ. ಆ ವಾರ ಗುರುವಾರ ನನಗೆ ಬೇರೆ ಕೆಲಸವಿತ್ತು. ಹಾಗಾಗಿ ಯಾರಿಗೂ ಹೇಳದೆ ಬುಧವಾರವೇ ಗೊಳಸಂಗಿಗೆ ಹೋದೆ.

ಗಾಡಿ ಇಳಿದು ಹೊಲದ ದಾರಿ ಹಿಡಿದಾಗ ದೂರದಿಂದಲೇ ಬೆಳ್ಳಕ್ಕಿಗಳು ಕಂಡವು. ಆಯಿಯ ಹೊಲದ ತುದಿಗೆ ಏನೂ ಬಿತ್ತದೆ ಬಿಟ್ಟ ಒಂದು ಬೀಳು ಇತ್ತು. ಅದು ಈಗ ಕೆರೆಯಾಗಿತ್ತು. ಬೋರಿನ ಪೈಪು ಅದಕ್ಕೆ ಬಾಯಿ ಇಟ್ಟು ಧೋ ಧೋ ಎಂದು ಸುರಿಯುತ್ತಿತ್ತು. ಊರಿನ ಅರ್ಧ ಎಮ್ಮೆಗಳು ಕರಿ ಕೆಸರಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದವು. ಪಕ್ಕದ ಹೊಲ, ಅದರ ಪಕ್ಕದ ಹೊಲ, ಎಲ್ಲ ಕಡೆ ಮೋಟಾರು ಓಡುತ್ತಿದ್ದವು. ಎಲ್ಲ ಕಡೆಯೂ ನೀರು ಹಳ್ಳದ ದಾರಿ ಹಿಡಿದಿತ್ತು. ಉಳ್ಳಾಗಡ್ಡಿ ಮಡಿಗಳು ಮಾತ್ರ ನಿನ್ನೆ ಮೊನ್ನೆಯೇ ಉಂಡು ತಣ್ಣಗೆ ಕುಳಿತಿದ್ದವು.

ಆಯಿ ಸ್ಟಾರ್ಟರಿನ ಹತ್ತಿರ ನಿಂತು ಪೆಟ್ಟಿಗೆಯ ಪರದೆ ನೋಡುತ್ತಿದ್ದಳು. ನನ್ನನ್ನು ಕಂಡವಳೇ ಹುಬ್ಬು ಗಂಟಿಕ್ಕಿದಳು.

"ನಾಳಿ ಬರಾಕಿ ಇವತ್ತ ಯಾಕ ಬಂದಿ? ಇನ್ನೂ ತುಂಬಿಲ್ಲ."

"ಏನ್ ತುಂಬಿಲ್ರಿ?"

"ನಿನ್ನ ಡಬ್ಬಿ."

ನಾನು ಕೆಸರಿನ ಕಡೆ ಕೈ ಮಾಡಿ, ಇದೇನ್ರಿ, ಬೀಳು ಹೊಲಕ್ಕ ಯಾಕ ನೀರು, ಅಂದೆ. ನನ್ನ ದನಿ ಸಣ್ಣದಾಗಿ ಚೀರಿದ ಹಾಗಿತ್ತು.

"ಉಳ್ಳಾಗಡ್ಡಿಗಿ ಎಷ್ಟಂತ ಬಿಡಬೇಕು, ಕೊಳೀತಾವು. ಅದಕ್ಕ ಈಕಡಿ ಬಿಟ್ಟೇವಿ." ಆಯಿ ಸೆರಗಿನಿಂದ ಪರದೆ ಒರೆಸಿದಳು. "ಅವತ್ತ ಡಬ್ಬಿ ನೋಡಿ ನಿನ್ನ ಮಾರಿ ಎಷ್ಟಾಗಿತ್ತು ಗೊತ್ತೈತೇನ? ಇಷ್ಟ. ಬಸ್ಸಿನ್ಯಾಗ ಒಬ್ಬಾಕೀನ ಇಷ್ಟು ದೂರ ಬರ್ತಿ. ನಿಮ್ಮ ಸರಿಗಿ ಏನ್ ತೋರಸ್ತಿ? ನಿನಗಂತೂ ನಮ್ಮನ್ಯಾಗ ಒಂದು ಗುಟುಕು ನೀರು ಕುಡ್ಯಾಕ ಬರಂಗಿಲ್ಲ. ನೀನೂ ಉಪವಾಸ, ನಿನ್ನ ಡಬ್ಬೀನೂ ಉಪವಾಸ ಕಳಸಿದ್ರ ನಮ್ಮ ಮನಿತನದ ಮರ್ಯಾದಿ ಏನ್ ಉಳೀತೈತಿ?"

ಬುಧವಾರದ ಶಿಖರ ನನ್ನ ಕಣ್ಣೆದುರು ನಿಂತಿತ್ತು. ಗುರುವಾರ ನೆಂಟರು ಬರುತ್ತಾರೆಂದರೆ ಬುಧವಾರ ಅಡುಗೆಯ ತಯಾರಿ ನಡೆಯುತ್ತದೆ. ಇಷ್ಟೇ. ಮಹಿಳಾ ಯಜಮಾನಿಕೆ, ಆತಂಕ, ಮನಸ್ಸು, ದಿಲ್ಲಿ, ಎಲ್ಲ ಆ ಕೆಸರಿನಲ್ಲಿ ಎಮ್ಮೆಗಳ ಕೆಳಗೆ ಹೋಯಿತು. ನನಗೆ ಸಿಟ್ಟು ಬಂತು, ಅಳು ಬಂತು. ಆಯಿಯನ್ನು ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ಯಾವುದನ್ನೂ ಮಾಡದೆ ಮೋಟಾರ್ ಬಂದ್ ಮಾಡಿದೆ.

ಆಮೇಲೆ ಕುಳಿತು ಸಮಾಧಾನದಿಂದ ವಿವರಿಸಿದೆ. ಇದು ಪರೀಕ್ಷೆಯ ಅಂಕ ಅಲ್ಲ, ಹೆಚ್ಚು ಬಂದರೆ ಒಳ್ಳೆಯದು ಕಡಿಮೆ ಬಂದರೆ ಕೆಟ್ಟದ್ದು ಅಂತಿಲ್ಲ, ನನಗಾಗಿ ಏನೂ ಮಾಡಬೇಡಿ, ನಿಮಗೆ ಬೇಕಾದಷ್ಟೇ ಓಡಿಸಿ. ಆಯಿ ತಲೆ ಆಡಿಸುತ್ತ ಎಲ್ಲ ಕೇಳಿದಳು. "ಆತು ಆತು" ಅಂದಳು. ನಾನು ನೆಮ್ಮದಿಯಿಂದ ಬಸ್ ಹತ್ತಿದೆ. ಮುಂದಿನ ವಾರ ನೋಡಿದರೆ ಬುಧವಾರದ ಗುಡ್ಡದ ಪಕ್ಕ ಮಂಗಳವಾರವೂ ಒಂದು ಗುಡ್ಡ ಎದ್ದಿತ್ತು. ನನ್ನ ಇಡೀ ಭಾಷಣವನ್ನು ಆಯಿ "ಸಾಕ್ರಿ" ಎಂದು ಕೇಳಿಸಿಕೊಂಡಿದ್ದಳು.

ಮನೆಯಲ್ಲಿ ಇಫ್ತಾರ್ ಹೊತ್ತಿಗೆ ಅಬ್ಬಾಗೆ ಎಲ್ಲ ಹೇಳಿದೆ. ಅವರು ಖರ್ಜೂರ ಬಾಯಿಗೆ ಹಾಕಿಕೊಂಡು ಗಂಭೀರವಾಗಿ ಯೋಚಿಸಿದರು.

"ಆ ಪರಿ ಓಡಿಸಿದ್ರ ಮೋಟಾರ್ ಸುಡ್ತೈತಿ" ಅಂದರು.

"ಹೌದ್ರಿ ಅಬ್ಬಾ, ಅದ ಚಿಂತಿ."

"ನಮ್ಮ ಅಂಗಡಿ ನಂಬರ್ ಅವರಿಗಿ ಕೊಟ್ಟಿ ಇಲ್ಲ?"

ಅಮ್ಮಿ ನಕ್ಕು ನೆತ್ತಿಗೆ ಹತ್ತಿಸಿಕೊಂಡಳು. ನನಗೆ ನಗು ಬರಲಿಲ್ಲ. ಬೆಳೆಯ ಕಾಲ ಸರಿಯುತ್ತಿತ್ತು. ಗೊಳಸಂಗಿಯ ಮಾಹಿತಿ ಹೋದರೆ ನನ್ನ ಹತ್ತಿರ ಉಳಿಯುವುದು ಉಪ್ಪಿನಕಾಯಿ ಮಾತ್ರ.

ದಾರಿ ಸಿಕ್ಕದ್ದು ರಂಜಾನಿನ ಕೊನೆಯ ದಿನಗಳಲ್ಲಿ. ನಾನು ಹೋದ ದಿನ ಆಯಿಯ ಮನೆಗೆ ಬೀಗರು ಬಂದಿದ್ದರು. ಹೋಳಿಗೆಯ ಊಟ ನಡೆದಿತ್ತು. ನಾನು ರೋಜಾದವಳು, ಪಡಸಾಲೆಯ ಕಂಬಕ್ಕೆ ಒರಗಿ ವಾಸನೆಯಷ್ಟೇ ಕುಡಿಯುತ್ತಿದ್ದೆ. ಆಯಿ ಒಬ್ಬೊಬ್ಬರ ತಾಟಿಗೂ ಹೋಳಿಗೆ ಬಡಿಸುತ್ತ ಬಂದಳು. ಒಬ್ಬರು ಬೇಡ ಅಂದರು, ಬಿತ್ತು. ಇನ್ನೊಬ್ಬರು ಎರಡೂ ಕೈ ಅಡ್ಡ ಹಿಡಿದರು, ಕೈಯ ಮೇಲೆಯೇ ಬಿತ್ತು. ಕೊನೆಯಲ್ಲಿದ್ದ ದಪ್ಪ ಮೀಸೆಯ ಬೀಗರು ತಲೆ ಎತ್ತದೆಯೇ ಹೇಳಿದರು:

"ಅಕ್ಕಾ, ನನಗ ಸಕ್ಕರಿ ಬಂದೈತ್ರಿ. ಡಾಕ್ಟರ್ ಪಥ್ಯ ಹೇಳ್ಯಾರ."

ಆಯಿಯ ಕೈ ನಿಂತಿತು. ಒಂದು ಮಾತು ಒತ್ತಾಯ ಮಾಡಲಿಲ್ಲ. ಹೋಳಿಗೆ ಬುಟ್ಟಿಗೆ ವಾಪಸ್ ಹೋಯಿತು. "ಹೌದೇನ್ರಿ? ಹಂಗಾರ ಬರೇ ರೊಟ್ಟಿ ಉಣ್ರಿ, ಎಷ್ಟು ಬೇಕ ಅಷ್ಟ" ಅಂದು ಮುಂದೆ ಸರಿದಳು. ಆ ಮನೆಯಲ್ಲಿ ಬಡಿಸುವ ಕೈಯನ್ನು ತಡೆಯುವ ಶಕ್ತಿ ಇರುವುದು ಇದೊಂದಕ್ಕೇ ಎಂದು ನಾನು ಆಗ ಕಂಡುಕೊಂಡೆ. ನನ್ನ ಸಂಶೋಧನೆಯ ನಿಜವಾದ ಶೋಧ ಯಾವುದಾದರೂ ಇದ್ದರೆ ಅದು ಇದೇ.

ಊಟ ಮುಗಿದು ಆಯಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಹತ್ತಿರ ಹೋಗಿ ಕುಳಿತೆ.

"ಆಯಿ, ನಮ್ಮ ಡಬ್ಬಿಗೂ ಸಕ್ಕರಿ ಬಂದೈತ್ರಿ."

ಆಯಿ ಸುಣ್ಣದ ಬೆರಳನ್ನು ಹಾಗೆಯೇ ಹಿಡಿದು ನನ್ನನ್ನು ನೋಡಿದಳು. ಆಕೆ ದಡ್ಡಿಯಲ್ಲ. ಕಣ್ಣು ಮೊದಲು ನಕ್ಕವು, ಆಮೇಲೆ ಹೊಟ್ಟೆ ಕುಲುಕಿತು.

"ಅಂದ್ರ ಅದಕ್ಕ ಪಥ್ಯ ಮಾಡಬೇಕು."

"ಹೌದ್ರಿ. ನಿಮ್ಮ ಹೊಲಕ್ಕ ಎಷ್ಟು ಬೇಕೋ ಅಷ್ಟ. ಒಂದು ತುತ್ತು ಹೆಚ್ಚಿಲ್ಲ, ಒಂದು ತುತ್ತು ಕಡಿಮಿ ಇಲ್ಲ. ಇಲ್ಲಾಂದ್ರ ಅದು ಸಾಯ್ತೈತಿ. ಅದರ ಕೂಡ ನಾನೂ."

"ಇಷ್ಟ ಹೇಳಾಕ ಇಷ್ಟು ವಾರ ಹಿಡದಿ?" ಆಯಿಗೆ ನಿಜವಾಗಿಯೇ ಸಿಟ್ಟು ಬಂತು. "ಸುಮ್ಮನ ಬ್ಯಾಡ ಬ್ಯಾಡ ಅಂದ್ರ ಯಾರ್ ಕೇಳ್ತಾರ?"

ಅವತ್ತೇ ಮಕ್ಕಳನ್ನೂ ಭಾವಮೈದುನರನ್ನೂ ಕರೆದು ಅಪ್ಪಣೆ ಮಾಡಿದಳು. ಕರೆಂಟು ಬಂದ ತಕ್ಷಣ ತಾನೇ ಮೋಟಾರ್ ಹಚ್ಚುವ ಆಟೋ ಸ್ವಿಚ್ಚುಗಳನ್ನೆಲ್ಲ ತೆಗೆಸಿದಳು. ಹೋಗುವ ನೆಂಟರ ಹಾಗೆ ಎಮ್ಮೆಗಳು ಒಲ್ಲದ ಮನಸ್ಸಿನಿಂದ ಬೀಳು ಹೊಲ ಬಿಟ್ಟವು.

ಎರಡು ವಾರ ಕಳೆದ ಮೇಲೆ ಮಾರ್ಗದರ್ಶಕರ ಫೋನು ಬಂತು.

"ಬುಧವಾರ ಎಲ್ಲಿ ಹೋಯ್ತಮ್ಮ?"

ಅವರೇ ಮುಂದುವರಿಸಿದರು. "ಹಬ್ಬದ ಕಾಲ ಅಂತ ಇರಬಹುದು. ಒಂದು ಅಡಿಟಿಪ್ಪಣಿ ಹಾಕೋಣ. ಶಿಖರ ಇದ್ದ ವಾರಗಳು ಸಾಕು ಬಿಡು, ದಿಲ್ಲಿಗೆ ಅಷ್ಟೇ ಬೇಕಿರೋದು."

ಅಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಮ್ಮೆಗಳು ಸಾಕ್ಷಿ ಹೇಳುವುದಿಲ್ಲ. ಶಿಖರ ನಿಂತರೆ ದಿಲ್ಲಿ, ಆಮೇಲೆ ಪದವಿ, ಎಲ್ಲ ಸಲೀಸು. ಆದರೆ ರೈತರು ಪುಕ್ಕಟೆ ಕರೆಂಟನ್ನು ಹಾಳು ಮಾಡುತ್ತಾರೆ ಎಂದು ನನ್ನ ಹೆಸರಿನಲ್ಲಿ ಛಾಪಾಗುತ್ತದೆ, ಅದಕ್ಕೆ ಆಧಾರ ಒಬ್ಬ ಅಜ್ಜಿ ನನ್ನ ಮೇಲಿನ ಅಕ್ಕರೆಗೆ ಸುರಿದ ನೀರು. ಅದು ನನ್ನಿಂದಾಗಲಿಲ್ಲ. ಉಣ್ಣಿಸಿದವರ ಮೇಲೆ ದೂರು ಬರೆದ ಹಾಗಾಗುತ್ತಿತ್ತು.

"ಸರ್, ಆ ಶಿಖರ ನನ್ನ ಸಲುವಾಗಿ ಮಾಡಿದ್ದು" ಅಂದೆ. ಮೊದಲಿನಿಂದ ಕೊನೆಯವರೆಗೆ ಹೇಳಿದೆ.

ಆ ಕಡೆ ಪೆನ್ನು ಮೇಜಿನ ಮೇಲೆ ಇಟ್ಟ ಸದ್ದಾಯಿತು.

"ಇನ್ನೊಂದ್ಸಲ ಹೇಳಮ್ಮ. ಡಬ್ಬಿಗೆ... ಊಟ?"

"ಹೌದು ಸರ್."

"ಈಗ ಡಬ್ಬಿಗೆ ಪಥ್ಯ."

"ಹೌದು ಸರ್."

"ನಾನು ಈ ಸಿದ್ಧಾಂತವನ್ನ ಮೂರು ಜನ ಪ್ರೊಫೆಸರುಗಳಿಗೆ ಹೇಳಿದ್ದೀನಿ" ಎಂದರು. ಸಂತಾಪದ ದನಿ ಅದು. ಮರುದಿನ ದಿಲ್ಲಿಯ ಪ್ರಬಂಧವನ್ನು ತಾಂತ್ರಿಕ ಕಾರಣಗಳಿಂದ ಹಿಂದಕ್ಕೆ ಪಡೆಯುತ್ತಿದ್ದೇವೆ ಎಂದು ತಾವೇ ಬರೆದು ಕಳಿಸಿದರು. ನನ್ನ ಮೇಲೆ ಒಂದು ಮಾತೂ ಹಾಕಲಿಲ್ಲ. ಅವರನ್ನು ನಾನು ಇಷ್ಟು ಬೈದರೂ ಈ ಒಂದಕ್ಕೆ ಅವರ ಋಣ ನನ್ನ ಮೇಲಿದೆ.

ಈದ್ ಮುಗಿದು ತಿಂಗಳಾದ ಮೇಲೆ ಪರಿಶೀಲನಾ ಸಮಿತಿ ಕೂತಿತು. ಹೊರಗಿನ ತಜ್ಞರಾಗಿ ಧಾರವಾಡದ ಕಡೆಯ ಒಬ್ಬ ನಿವೃತ್ತ ವಿದ್ಯುತ್ ಎಂಜಿನಿಯರ್ ಬಂದಿದ್ದರು. ಕೆಟ್ಟ ವಾರಗಳನ್ನು ಕೈಬಿಟ್ಟು, ಪಥ್ಯದ ವಾರಗಳನ್ನು ಮಾತ್ರ ಇಟ್ಟುಕೊಂಡು ನಾನು ಮಾಹಿತಿ ಮಂಡಿಸಿದೆ, ಉಳಿದವನ್ನು ಬಿಟ್ಟದ್ದೇಕೆ ಎಂದು ಬಾಯಲ್ಲಿ ಹೇಳಿದೆ. ಅವರು ಎಲ್ಲ ಕೇಳಿ ಕುರ್ಚಿಗೆ ಒರಗಿದರು.

"ಮೊದಲು ಹೆಚ್ಚು ಓಡಿಸಿದ್ದು ನಿನ್ನ ಸಲುವಾಗಿ. ಈಗ ಕಡಿಮಿ ಓಡಸೋದೂ ನಿನ್ನ ಸಲುವಾಗೇ ಅಲ್ಲಂತ ಹ್ಯಾಂಗ ಹೇಳ್ತಿ? ಪಥ್ಯ ಅಂದ್ರ ಕೆಲವರು ಉಪವಾಸಾನೂ ಮಾಡ್ತಾರ."

ಪ್ರಶ್ನೆ ಸರಿಯಾಗಿಯೇ ಇತ್ತು, ಅದೇ ಹೊಟ್ಟೆ ಉರಿಸಿದ್ದು.

"ಸುಮ್ನ ಇಲ್ಲಿ ಕೂತು ಏನು ವಾದ ಮಾಡೋದು" ಅಂದರು ಅವರು. "ಆ ಹೊಲ ನೋಡ್ಕೊಂಡ ಬರೋಣು. ಮುಂಚೆ ಹೇಳಬ್ಯಾಡ ಅವರಿಗೆ. ನೋಡಿದ ಮ್ಯಾಲೆ ನಿನ್ನ ವಿಷಯ ಇರಬೇಕೋ ಬ್ಯಾಡೋ ಹೇಳ್ತೀನಿ."

ಹೀಗೆ ಒಂದು ಬೆಳಿಗ್ಗೆ ಬಾಡಿಗೆ ಜೀಪಿನಲ್ಲಿ ತಜ್ಞರು, ಮಾರ್ಗದರ್ಶಕರು ಮತ್ತು ಹಿಂದಿನ ಸೀಟಿನಲ್ಲಿ ಹಿಡಿಯಷ್ಟಾಗಿ ನಾನು ಗೊಳಸಂಗಿಯ ಹೊಲದ ಬದುವಿನಲ್ಲಿ ಇಳಿದೆವು. ಉಳ್ಳಾಗಡ್ಡಿ ಕಿತ್ತಾಗಿತ್ತು. ಉಳಿದದ್ದು ಕಬ್ಬು. ಆಯಿ ಮೂವರನ್ನೂ ಮೊದಲು ಮನೆಗೆ ಕರೆದೊಯ್ದು ಬೆಳಗಿನ ನ್ಯಾಹರಿಗೆ ಕೂಡಿಸಿದಳು. ತಜ್ಞರು ಬೆಲ್ಲದ ಚಹಾ ಕಂಡು, ನನಗ ಸಕ್ಕರಿ ಅದರೀ ಅಂದರು. ಆಯಿ ಅನುಕಂಪದಿಂದ, "ನಿಮಗೂ ಏನ್ರಿ, ನಮ್ಮ ಡಬ್ಬಿಯಂಗ" ಅಂದು ಬೇರೆ ಚಹಾ ಮಾಡಿಸಿದಳು. ತಜ್ಞರು ನನ್ನ ಕಡೆ ನೋಡಿದರು. ನಾನು ಛಾವಣಿ ನೋಡಿದೆ.

ಹೊಲಕ್ಕೆ ಮರಳಿದಾಗ ಮೋಟಾರ್ ಓಡಿಸುವ ತ್ರೀ ಫೇಸ್ ಕರೆಂಟು ಇನ್ನೂ ಬಂದಿರಲಿಲ್ಲ. ತಜ್ಞರು ಕಬ್ಬಿನೊಳಗೆ ಹೋಗಿ ಬಗ್ಗಿ ಮಣ್ಣು ಹಿಂಡಿ ನೋಡಿದರು. ಮಣ್ಣು ಒಣಗಿತ್ತು, ಎಲೆ ತುದಿ ಮುದುಡಿತ್ತು. ಆಯಿ ಪಥ್ಯದ ಹೆಸರಿನಲ್ಲಿ ಉಪವಾಸ ಕೆಡವಿದ್ದಾಳೆ, ತಜ್ಞರು ಹೇಳಿದ್ದೇ ನಿಜ, ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಕರೆಂಟು ಬಂತು. ಸುತ್ತಲಿನ ಬೇರೆ ಟ್ರಾನ್ಸ್‌ಫಾರ್ಮರುಗಳ ಕೆಳಗಿನ ಮೋಟಾರುಗಳೆಲ್ಲ ಒಮ್ಮೆಲೇ ಗುರ್ರ್ ಎಂದವು. ಆಯಿ ಎದ್ದು ಸೆರಗು ಸಿಕ್ಕಿಸಿ ಹಸಿರು ಗುಂಡಿ ಒತ್ತಿದಳು. ಈಗ ನನಗೆ ಇನ್ನೊಂದು ಭಯ. ನೆಂಟರು ಬಂದಿದ್ದಾರೆ, ಅದೂ ದೊಡ್ಡ ನೆಂಟರು, ಜೀಪಿನವರು. ಇವತ್ತು ಸಂಜೆಯ ತನಕ ಹರಿಯುತ್ತದೆ, ಎಮ್ಮೆಗಳಿಗೆ ಮತ್ತೆ ಹಬ್ಬ. ನಾನು ಆಯಿಯನ್ನು ಕಣ್ಣಿನಲ್ಲೇ ಬೇಡಿಕೊಂಡೆ. ಆಯಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ತಜ್ಞರು ನೀರಿನ ಹಿಂದೆ ಹಿಂದೆ ನಡೆದರು. ಅದು ಬೀಳು ಹೊಲಕ್ಕೆ ಹೋಗಲಿಲ್ಲ. ಕಬ್ಬಿನ ಒಂದು ಸಾಲು, ಮತ್ತೊಂದು ಸಾಲು, ಆಯಿಯ ಮಗ ಸಲಿಕೆಯಿಂದ ಮಡಿ ತಿರುಗಿಸುತ್ತ ಹೋದ. ಬಿಸಿಲು ಏರಿತು. ಮಾರ್ಗದರ್ಶಕರ ಬೂಟು ಕೆಸರಿನಲ್ಲಿ ಹೂತು, ಕಾಲು ಮಾತ್ರ ಹೊರಗೆ ಬಂತು. ಕೊನೆಯ ಸಾಲಿನ ಬಾಯಿಗೆ ನೀರು ಮುಟ್ಟಿದಾಗ ಮಗ ಕೂಗು ಹಾಕಿದ. ಆಯಿ ಕೆಂಪು ಗುಂಡಿ ಒತ್ತಿದಳು. ಮೋಟಾರು ನಿಂತಿತು.

ಸುತ್ತಲಿನ ಹೊಲಗಳಲ್ಲಿ ಎಲ್ಲ ಇನ್ನೂ ಓಡುತ್ತಿದ್ದವು. ತಜ್ಞರು ಸ್ಟಾರ್ಟರಿನ ದೀಪ ನೋಡಿದರು.

"ಕರೆಂಟ್ ಇನ್ನೂ ಅದಲ್ರೀ ತಾಯಿ. ಪುಕ್ಕಟೆ ಬರ್ತದ. ಯಾಕ ಬಂದ್ ಮಾಡಿದ್ರಿ?"

ಆಯಿ ಅವರನ್ನು ಮೇಲಿಂದ ಕೆಳಗೆ ನೋಡಿದಳು, ಓದಿದವರಿಗೆ ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ಹಾಗೆ.

"ಪುಕ್ಕಟ ಐತಂತ ಯಾರರ ಹೊಲಾ ಮುಳುಗಸ್ತಾರೇನ್ರಿ?"

ಮಾರ್ಗದರ್ಶಕರಿಗೆ ಕೆಮ್ಮು ಬಂತು. ನಾನು ನೆಲ ನೋಡುತ್ತ ನಿಂತೆ. ಬೀಳು ಹೊಲದಲ್ಲಿ ಎಮ್ಮೆಗಳು ಹೊರಳಿದ ಗುಂಡಿಗಳು ಒಣಗಿ ಬಾಯಿ ಬಿಟ್ಟುಕೊಂಡಿದ್ದವು. ತಜ್ಞರು ಅವನ್ನೂ ನೋಡಿದರು, ಆಯಿಯನ್ನೂ ನೋಡಿದರು, ಪೆಟ್ಟಿಗೆಯ ಪರದೆಯನ್ನು ಬಗ್ಗಿ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಒಣಗಿದಾಗ ಕೊಟ್ಟಾರ, ತುಂಬಿದಾಗ ನಿಲ್ಲಿಸ್ಯಾರ. ಈ ವಾರಗಳು ನಡೀತಾವ. ಪ್ರಬಂಧ ಬರಿ."

ನಾನು ಬದುವಿನ ಮೇಲೆ ಕುಳಿತುಬಿಟ್ಟೆ. ಎಲ್ಲರೆದುರು ನಾಚಿಕೆ ಬಿಟ್ಟು ಅತ್ತೆ. ತಜ್ಞರು ನಾನು ಅತ್ತು ಮುಗಿಸುವ ತನಕ ಬೇರೆ ಕಡೆ ನೋಡುತ್ತ ನಿಂತು, ಆಮೇಲೆ ಒಂದು ಷರತ್ತು ಹಾಕಿದರು. ಕೈಬಿಟ್ಟ ವಾರಗಳನ್ನು ಪ್ರಬಂಧದಿಂದ ಅಡಗಿಸಬಾರದು, ಕೋಷ್ಟಕದಲ್ಲಿ ತೋರಿಸಬೇಕು. ಯಾಕೆ ಕೈಬಿಟ್ಟೆ ಎಂಬ ಕಾರಣವನ್ನೂ ಬರೆಯಬೇಕು.

"ತಾಂತ್ರಿಕ ಕಾರಣ ಅಂತ ಹಾಕಬಹುದು" ಅಂದರು ಮಾರ್ಗದರ್ಶಕರು, ಕೆಸರಿನಿಂದ ಬೂಟು ಎಳೆಯುತ್ತ.

"ಯಂತ್ರ ಏನೂ ತಪ್ಪು ಮಾಡಿಲ್ರೀ ಸರ" ಅಂದರು ತಜ್ಞರು. "ಖರೇ ಕಾರಣ ಹಾಕ್ರಿ."

ಜೀಪಿನಲ್ಲಿ ಬಾಗೇವಾಡಿ ಮುಟ್ಟುವ ತನಕ ಆ ಒಂದು ಪದಕ್ಕಾಗಿ ಮೂವರೂ ಜಗಳಾಡಿದೆವು. ಮಾರ್ಗದರ್ಶಕರು ಉದ್ದುದ್ದದ ಪದಗಳನ್ನು ಕೊಟ್ಟರು, ತಜ್ಞರು ಒಂದೊಂದನ್ನೂ ಕಿಟಕಿಯಿಂದ ಹೊರಗೆ ಎಸೆದರು. ಈಗ ಪ್ರಬಂಧ ಅಚ್ಚಾಗಿ ಗ್ರಂಥಾಲಯದಲ್ಲಿದೆ. ಗೊಳಸಂಗಿಯ ಕೋಷ್ಟಕದಲ್ಲಿ, ಅಳತೆ ಕೈಬಿಟ್ಟ ಕಾರಣ ಎಂಬ ಅಂಕಣದ ಕೆಳಗೆ, ಆ ವಾರಗಳ ಎದುರಿಗೆಲ್ಲ ನಾನು ಒಂದೇ ಮಾತು ಬರೆದಿದ್ದೇನೆ: ಸತ್ಕಾರ.